ಗೋಪುರ ನಿಂತಿತು, ಹೆಸರು ಎಲ್ಲಿ ಹೋಯ್ತು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸಿವಿಲ್ ಬ್ರಾಂಚಿನವರನ್ನೆಲ್ಲ ಸೈಟ್ ವಿಸಿಟ್‌ಗೆ ಕರ್ಕೊಂಡು ಹೋಗಿದ್ರು. ಕಟ್ಟುತ್ತಿದ್ದ ಅಪಾರ್ಟ್‌ಮೆಂಟು. ಏಳನೇ ಮಹಡಿಯ ಸ್ಲ್ಯಾಬಿಗೆ ಕಂಬಿ ಕಟ್ಟೋ ಕೆಲಸ ನಡೀತಿತ್ತು. ಹೆಲ್ಮೆಟ್ ಹಾಕ್ಕೊಂಡು ಎಲ್ಲರೂ ಮೇಲೆ ಹತ್ತೋಕೆ ರೆಡಿಯಾದಾಗ ಅಲ್ಲಿನ ಎಂಜಿನಿಯರ್ ಒಬ್ಬರು, "ಹುಡುಗೀರು ಇಲ್ಲೇ ಕೆಳಗೆ ಮಾಡೆಲ್ ಫ್ಲ್ಯಾಟ್ ನೋಡ್ತಿರಮ್ಮ, ಇಂಟೀರಿಯರ್ ಚೆನ್ನಾಗಿದೆ, ಮುಂದೆ ನಿಮಗೆ ಅದೇ ಉಪಯೋಗಕ್ಕೆ ಬರೋದು" ಅಂದ್ರು. ಅವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕಾಳಜಿಯಿಂದಲೇ ಹೇಳಿದ್ದು. ನಮ್ಮ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಕೊನೆಗೆ ಒಬ್ಬಳು, "ಇಲ್ಲ ಸರ್, ನಮ್ಗೂ ಕಂಬಿನೇ ನೋಡ್ಬೇಕು" ಅಂತ ಮೆಟ್ಟಿಲು ಹತ್ತಿದಳು. ಉಳಿದವರೂ ಹತ್ತಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಒಂದು ಜೋಕ್ ಆಯ್ತು. ನಗಾಡಿದವರಲ್ಲಿ ನಾವೂ ಇದ್ದೆವು ಅಂತ ಮೊದಲೇ ಒಪ್ಪಿಕೊಂಡುಬಿಡ್ತೀವಿ.

ಆಮೇಲೆ ಈ ಸಂಚಿಕೆಗೆ ಏನು ಬರೆಯೋದು ಅಂತ ಲೈಬ್ರರಿಯಲ್ಲಿ ತಡಕಾಡುತ್ತಿದ್ದಾಗ ಹೆಚ್ಚುಕಮ್ಮಿ ಇದೇ ಮಾತು ನೂರು ವರ್ಷಕ್ಕೂ ಹಿಂದೆ, ಭೂಮಿಯ ಇನ್ನೊಂದು ತುದಿಯಲ್ಲಿ ನಡೆದಿದ್ದು ಕಣ್ಣಿಗೆ ಬಿತ್ತು. 1906ರ ಏಪ್ರಿಲ್ 18ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಭೂಕಂಪ ಆಯ್ತು. ಅದರ ಬೆನ್ನಿಗೆ ಬೆಂಕಿ. ಊರಿನ ಬಹುಪಾಲು ಸುಟ್ಟು ಹೋಯ್ತು. ಆಗಷ್ಟೇ ಕಟ್ಟಿ ಮುಗಿಯುವ ಹಂತದಲ್ಲಿದ್ದ ಫೇರ್‌ಮಾಂಟ್ ಹೋಟೆಲ್ಲಿನ ಹೊರಗೋಡೆ ನಿಂತಿತ್ತು, ಒಳಗೆ ಮಾತ್ರ ಶಾಖಕ್ಕೆ ಉಕ್ಕಿನ ಕಂಬಗಳು ಬಗ್ಗಿ ನೆಲಗಳು ಕುಸಿದಿದ್ದವು. ಅದನ್ನು ಮತ್ತೆ ನಿಲ್ಲಿಸುವ ಕೆಲಸ ಬಂದಿದ್ದು 34 ವರ್ಷದ ಒಬ್ಬ ಹೆಣ್ಣುಮಗಳಿಗೆ. ಒಂದು ವರ್ಷದಲ್ಲಿ ಹೋಟೆಲ್ ಬಾಗಿಲು ತೆರೆಯಿತು. ಆಕೆಯನ್ನು ಮಾತಾಡಿಸೋಕೆ ಬಂದ ಪತ್ರಕರ್ತೆ, ಇಷ್ಟು ಚೆಂದದ ಬಣ್ಣಗಳನ್ನೆಲ್ಲ ಬಳಿಯೋ ಅವಕಾಶ ಸಿಕ್ಕಿದ್ದಕ್ಕೆ ನಿಮಗೆಷ್ಟು ಖುಷಿಯಾಗಿರಬೇಕು ಅನ್ನೋ ಅರ್ಥದಲ್ಲಿ ಕೇಳಿದಳಂತೆ. ಆಕೆ ತಣ್ಣಗೆ, ಅಲಂಕಾರದ ಕೆಲಸ ಬೇರೆ ಕಂಪನಿಯವರದ್ದು, ನನ್ನದು ಸ್ಟ್ರಕ್ಚರಲ್ ಕೆಲಸ ಅಂತ ತಿದ್ದಿದರು.

ಆ ಹೆಣ್ಣುಮಗಳ ಹೆಸರು ಜೂಲಿಯಾ ಮಾರ್ಗನ್. ನಮ್ಮ ಸಿಲಬಸ್‌ನಲ್ಲಿ ಈ ಹೆಸರಿಲ್ಲ. ಕ್ಯಾಂಪಸ್‌ನಲ್ಲಿ ನಾವು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಲ ಕಾರ್ಬುಸಿಯೇ ಎಲ್ಲರಿಗೂ ಗೊತ್ತು, ಚಂಡೀಗಢದ ದೆಸೆಯಿಂದ. ಝಾಹಾ ಹದೀದ್ ಹೆಸರು ಒಂದಿಬ್ಬರು ಹೇಳಿದ್ರು. ಮಾರ್ಗನ್ ಮಾತ್ರ ಯಾರಿಗೂ ಗೊತ್ತಿಲ್ಲ. ಏಳುನೂರರ ಆಸುಪಾಸು ಕಟ್ಟಡಗಳನ್ನು ಮಾಡಿದ ಒಬ್ಬರ ಹೆಸರು ಹೀಗೆ ಮಾಯವಾಗೋದು ಹೇಗೆ? ಈ ಲೇಖನ ಅದರ ಬಗ್ಗೆ, ಮತ್ತು ಸ್ವಲ್ಪ ನಮ್ಮ ಬಗ್ಗೆ.

ಮೊದಲು ಆಕೆಯ ಕತೆ. ಮಾರ್ಗನ್ ಹುಟ್ಟಿದ್ದು 1872ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಳೆದಿದ್ದು ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ನಲ್ಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಗ ಆರ್ಕಿಟೆಕ್ಚರ್ ವಿಭಾಗವೇ ಇರಲಿಲ್ಲ. ಹಾಗಾಗಿ ಸೇರಿದ್ದು ಸಿವಿಲ್ ಎಂಜಿನಿಯರಿಂಗ್‌ಗೆ. 1894ರಲ್ಲಿ ಪದವಿ ಮುಗಿಸಿದರು. ಎಷ್ಟೋ ಕ್ಲಾಸುಗಳಲ್ಲಿ ಆಕೆಯೊಬ್ಬಳೇ ಹುಡುಗಿ. ಅಂದ್ರೆ ಈಕೆ ಮೊದಲು ನಮ್ಮ ಜಾತಿಯವರು, ಬೀಮು ಕಾಲಮ್ಮುಗಳ ಲೆಕ್ಕ ಹಾಕಿದವರು, ಆಮೇಲೆ ಆರ್ಕಿಟೆಕ್ಟ್. ಇದನ್ನು ನೆನಪಿಟ್ಕೊಳ್ಳಿ, ಮುಂದೆ ಇದೇ ಆಕೆಯ ಕೈ ಹಿಡಿಯಿತು.

ಅಲ್ಲಿ ಪಾಠ ಹೇಳಿದ ಬರ್ನಾರ್ಡ್ ಮೇಬೆಕ್ ಅನ್ನೋ ಆರ್ಕಿಟೆಕ್ಟ್, ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್‌ಗೆ ಹೋಗು ಅಂದ್ರು. ಆ ಕಾಲಕ್ಕೆ ವಾಸ್ತುಶಿಲ್ಪಕ್ಕೆ ಅದಕ್ಕಿಂತ ದೊಡ್ಡ ಶಾಲೆ ಇಲ್ಲ. ಒಂದೇ ತೊಂದರೆ, ಆ ಶಾಲೆ ಹೆಂಗಸರನ್ನು ಸೇರಿಸಿಕೊಳ್ತಿರಲಿಲ್ಲ. ಆಕೆ 1896ರಲ್ಲೇ ಹೊರಟು ಬಂದರು. ಮಾರನೇ ವರ್ಷ ಶಾಲೆ ಹೆಂಗಸರಿಗೂ ಪ್ರವೇಶ ಪರೀಕ್ಷೆ ಬರೆಯೋಕೆ ಬಿಟ್ಟಿತು. ಮಾರ್ಗನ್ ಬರೆದರು. ಮೊದಲ ಸಲ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ, ಆ ಸಲ ಪರೀಕ್ಷಕರು ಬೇಕಂತಲೇ ಅಂಕ ಇಳಿಸಿದ್ರು ಅಂತ ದಾಖಲೆಯಿದೆ. 1898ರಲ್ಲಿ ಮೂರನೇ ಸಲ ಕೂತು 376 ಜನರಲ್ಲಿ 13ನೆಯವರಾಗಿ ಪಾಸಾದರು. ಆ ಶಾಲೆಯ ವಾಸ್ತುಶಿಲ್ಪ ವಿಭಾಗಕ್ಕೆ ಸೇರಿದ ಮೊದಲ ಹೆಣ್ಣು. ನಮ್ಮಲ್ಲಿ ಎಂ-3 ಬ್ಯಾಕ್ ಉಳಿಸಿಕೊಂಡು ಹಾಸ್ಟೆಲ್ ರೂಮಿನಲ್ಲಿ ಮುಖ ಸಪ್ಪೆ ಮಾಡ್ಕೊಂಡು ಕೂತಿರೋ ಗೆಳೆಯ ಗೆಳತಿಯರು ಈ ಪ್ಯಾರಾವನ್ನು ಇನ್ನೊಂದ್ಸಲ ಓದಬಹುದು.

ಅಷ್ಟಕ್ಕೇ ಮುಗೀಲಿಲ್ಲ. 30 ವರ್ಷ ತುಂಬಿದ ಮೇಲೆ ಅಲ್ಲಿ ಓದೋ ಹಾಗಿಲ್ಲ ಅನ್ನೋದು ಶಾಲೆಯ ನಿಯಮ. ಸಾಮಾನ್ಯಕ್ಕೆ ಐದು ವರ್ಷ ಹಿಡಿಯುವ ಓದನ್ನು ಮಾರ್ಗನ್ ಮೂರು ವರ್ಷಕ್ಕೆ ಮುಗಿಸಿದರು. 1902ರ ಆರಂಭದಲ್ಲಿ, ವಯಸ್ಸಿನ ಗಡುವು ಎದುರಿಗೆ ನಿಂತಿದ್ದಾಗ, ಒಂದು ನಾಟಕಶಾಲೆಯ ವಿನ್ಯಾಸ ಒಪ್ಪಿಸಿ ಸರ್ಟಿಫಿಕೇಟ್ ಪಡೆದರು. ಡೆಡ್‌ಲೈನ್ ಹಿಂದಿನ ರಾತ್ರಿ ಶೀಟ್ ಮುಗಿಸೋ ನಮ್ಮ ಪರಂಪರೆಗೆ ಇದಕ್ಕಿಂತ ಗೌರವಾನ್ವಿತ ಪೂರ್ವಜರು ಸಿಗಲಿಕ್ಕಿಲ್ಲ.

ಊರಿಗೆ ಮರಳಿದ ಮೇಲೆ ಜಾನ್ ಗೇಲನ್ ಹೋವರ್ಡ್ ಅನ್ನೋರ ಕಚೇರಿಯಲ್ಲಿ ಕೆಲಸ. ಬರ್ಕ್ಲಿ ಕ್ಯಾಂಪಸ್ಸಿನ ಗ್ರೀಕ್ ಥಿಯೇಟರ್ ಕಟ್ಟುವಾಗ ದುಡಿದರು. ಒಳ್ಳೇ ಡ್ರಾಫ್ಟ್ಸ್‌ಮನ್ ಸಿಕ್ಕಿದ್ದಾಳೆ, ಹೆಂಗಸು ಆದ್ದರಿಂದ ಹೆಚ್ಚು ಸಂಬಳ ಕೊಡಬೇಕಾಗಿಲ್ಲ ಅಂತ ಹೋವರ್ಡ್ ಹೇಳ್ಕೊಂಡು ತಿರುಗ್ತಿದ್ರು ಅನ್ನೋ ಕತೆ ಮಾರ್ಗನ್ ಬಗ್ಗೆ ಬರೆದವರೆಲ್ಲ ಹೇಳ್ತಾರೆ. ಮಾರ್ಗನ್ ಜಗಳ ಆಡಲಿಲ್ಲ. 1904ರಲ್ಲಿ ಲೈಸೆನ್ಸ್ ಪಡೆದರು, ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಪಡೆದ ಮೊದಲ ಮಹಿಳಾ ಆರ್ಕಿಟೆಕ್ಟ್ ಆದರು. ಹೋವರ್ಡ್ ಕಚೇರಿ ಬಿಟ್ಟು ತಮ್ಮದೇ ಕಚೇರಿ ತೆರೆದರು.

ಅದೇ ವರ್ಷ ಓಕ್ಲೆಂಡ್‌ನ ಮಿಲ್ಸ್ ಕಾಲೇಜಿಗೆ ಒಂದು ಗಂಟೆಗೋಪುರ ಕಟ್ಟಿಕೊಟ್ಟರು. ಎಲ್ ಕ್ಯಾಂಪನೀಲ್ ಅಂತ ಹೆಸರು, 72 ಅಡಿ ಎತ್ತರ, ರೀಇನ್‌ಫೋರ್ಸ್ಡ್ ಕಾಂಕ್ರೀಟ್. ಇವತ್ತು ಆರ್‌ಸಿಸಿ ಅಂದ್ರೆ ನಮಗೆ ಅನ್ನ ಸಾರು ಇದ್ದ ಹಾಗೆ. ಆಗ ಅದು ಹೊಸ ವಿದ್ಯೆ. ಅರ್ನೆಸ್ಟ್ ರ‍್ಯಾನ್ಸಮ್ ಅನ್ನೋರು ತಿರುಚಿದ ಕಂಬಿಗೆ ಪೇಟೆಂಟ್ ತಗೊಂಡು ಇಪ್ಪತ್ತೇ ವರ್ಷ ಆಗಿತ್ತು. ಕಾಂಕ್ರೀಟು ಒತ್ತಡ ತಡ್ಕೊಳ್ಳುತ್ತೆ, ಎಳೆದರೆ ಬಿರುಕು ಬಿಡುತ್ತೆ. ಎಳೆತವನ್ನು ಕಂಬಿ ಹೊರುತ್ತೆ. ಬಿಸಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹಿಗ್ಗೋದ್ರಿಂದ ಒಂದನ್ನೊಂದು ಬಿಟ್ಟು ಹೋಗಲ್ಲ. ಭೂಕಂಪ ಗೋಪುರವನ್ನು ಪಕ್ಕಕ್ಕೆ ದೂಡಿದಾಗ ಒಂದು ಮುಖ ಒತ್ತಡದಲ್ಲಿ, ಎದುರು ಮುಖ ಎಳೆತದಲ್ಲಿ ಇರುತ್ತೆ, ಮರುಕ್ಷಣ ಉಲ್ಟಾ. ಕಂಬಿ ಇಲ್ಲದ ಇಟ್ಟಿಗೆ ಗೋಡೆಗೆ ಈ ಎಳೆತಕ್ಕೆ ಉತ್ತರ ಇಲ್ಲ, ಗಾರೆ ಬಿಡ್ತದೆ, ಇಟ್ಟಿಗೆ ಉದುರ್ತದೆ.

1906ರ ಆ ಬೆಳಗ್ಗೆ ಸುತ್ತಲ ಊರೂರುಗಳಲ್ಲಿ ಇಟ್ಟಿಗೆ ಕಟ್ಟಡಗಳು ಉದುರಿದವು. ಮಿಲ್ಸ್ ಕಾಲೇಜಿನ ಗೋಪುರ ನಿಂತೇ ಇತ್ತು. ಇವತ್ತಿಗೂ ನಿಂತಿದೆ. ಮಾರ್ಗನ್ ಅವರ ಸ್ವಂತ ಕಚೇರಿ ಆ ಬೆಂಕಿಯಲ್ಲಿ ಸುಟ್ಟುಹೋಯ್ತು, ಆದರೆ ಕೆಲಸ ಹುಡುಕಿಕೊಂಡು ಬಂತು. ಫೇರ್‌ಮಾಂಟ್ ಹೋಟೆಲ್ ಸಿಕ್ಕಿದ್ದು ಈ ಹಿನ್ನೆಲೆಯಲ್ಲೇ. ಊರು ಕಟ್ಟಬೇಕಾದ ತುರ್ತು ಬಂದಾಗ, ಕಟ್ಟುವವರು ಗಂಡೋ ಹೆಣ್ಣೋ ಅಂತ ಯಾರೂ ಕೇಳಲಿಲ್ಲ. ನಿಮ್ಮ ಗೋಪುರ ನಿಂತಿದೆಯಲ್ಲ, ಬನ್ನಿ ಅಂದ್ರು.

ಮುಂದೆ ಆಕೆ ಕಟ್ಟಿದ್ದರಲ್ಲಿ ಎಲ್ಲರೂ ನೋಡೋಕೆ ಹೋಗೋದು ಹರ್ಸ್ಟ್ ಕ್ಯಾಸಲ್. ಪತ್ರಿಕೆಗಳ ದೊರೆ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್‌ಗಾಗಿ ಸ್ಯಾನ್ ಸಿಮಿಯನ್ ಬೆಟ್ಟದ ಮೇಲೆ 1919ರಿಂದ 1947ರವರೆಗೆ ನಡೆದ ಕೆಲಸ. ಗಿರಾಕಿ ಗಳಿಗೆಗೊಂದು ಬದಲಾವಣೆ ಹೇಳೋರು. ಅಲ್ಲಿನ ನೆಪ್ಚೂನ್ ಈಜುಕೊಳವನ್ನೇ ಮೂರು ಸಲ ಹೊಸದಾಗಿ ಮಾಡಿಸಿದರು. ಮಾರ್ಗನ್ ವಾರವಿಡೀ ಸ್ಯಾನ್ ಫ್ರಾನ್ಸಿಸ್ಕೋ ಕಚೇರಿಯಲ್ಲಿ ದುಡಿದು, ವಾರಾಂತ್ಯಕ್ಕೆ ರೈಲು ಹತ್ತಿ, ಇಳಿದು ಮತ್ತೆ ಕಾರಿನಲ್ಲಿ ಬೆಟ್ಟಕ್ಕೆ ಹೋಗ್ತಿದ್ರು. ಹೀಗೆ 500ಕ್ಕೂ ಹೆಚ್ಚು ಸಲ ಹೋಗಿ ಬಂದಿದ್ದಾರೆ. ಸೈಟಿನಲ್ಲಿ ಸ್ಕರ್ಟಿನ ಒಳಗೆ ಪ್ಯಾಂಟ್ ಹಾಕ್ಕೊಂಡು ಸ್ಕ್ಯಾಫೋಲ್ಡಿಂಗ್ ಹತ್ತಿ ತಾವೇ ಪರೀಕ್ಷೆ ಮಾಡೋರು. ನಂತರ ಕಿವಿಯ ಆಪರೇಷನ್ ಆಗಿ ದೇಹದ ಸಮತೋಲನ ತಪ್ಪಿತು. ಆಗಲೂ ಹತ್ತೋದು ಬಿಡಲಿಲ್ಲ. "ಹುಡುಗೀರು ಕೆಳಗೆ ಇರಿ" ಅನ್ನೋ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾ?

ಆದರೆ ನಮಗೆ ಹೆಚ್ಚು ಹಿಡಿಸಿದ್ದು ಆ ಕೋಟೆ ಅಲ್ಲ. ವೈಡಬ್ಲ್ಯುಸಿಎ ಸಂಸ್ಥೆಗಾಗಿ ಕಟ್ಟಿದ ಸಾಲು ಸಾಲು ಕಟ್ಟಡಗಳು. ಹಳ್ಳಿ ಬಿಟ್ಟು ನಗರಕ್ಕೆ ಕೆಲಸಕ್ಕೆ ಬರೋ ಹೆಣ್ಣುಮಕ್ಕಳಿಗೆ ಉಳ್ಕೊಳ್ಳೋಕೆ, ಉಣ್ಣೋಕೆ, ಕೂತು ಮಾತಾಡೋಕೆ ಜಾಗ. ಅಂಥ ಒಂದು ವಸತಿಗೃಹದ ನಕ್ಷೆಯಲ್ಲಿ ಮಾರ್ಗನ್ ಸಣ್ಣ ಅಡುಗೆಕೋಣೆ, ಗೆಳೆಯರನ್ನು ಕರೆದು ಊಟ ಹಾಕೋಕೆ ಪುಟ್ಟ ಊಟದ ಕೋಣೆಗಳನ್ನು ಇಟ್ಟಿದ್ದರಂತೆ. ಸಮಿತಿಯವರು, ಇವರು ಕನಿಷ್ಠ ಸಂಬಳದ ಹುಡುಗಿಯರು, ಇಷ್ಟೆಲ್ಲ ಸೌಕರ್ಯ ಯಾಕೆ ಅಂದಾಗ, ಅದಕ್ಕೇ ಬೇಕು ಅಂದರಂತೆ. ಪಿ.ಜಿ.ಯಲ್ಲಿ ಆರಡಿ ಮಂಚ, ಒಂದು ಪ್ಲಗ್ ಪಾಯಿಂಟು, ನೆಂಟರು ಬಂದ್ರೆ ಗೇಟಿನ ಹೊರಗೆ ನಿಲ್ಲಿಸಿ ಮಾತಾಡಿಸೋ ಸ್ಥಿತಿಯಲ್ಲಿರುವ ನಮಗೆ ಈ ಎರಡೇ ಪದದ ಉತ್ತರ ಪೂರ್ತಿ ಅರ್ಥವಾಗುತ್ತೆ. ಕಟ್ಟಡವನ್ನು ಯಾರು ಬಳಸ್ತಾರೋ ಅವರ ಕಣ್ಣಿನಿಂದ ನೋಡೋದು ಆಕೆಯ ದೃಷ್ಟಿಕೋನ. ಲಾಭ ಬಂದ ವರ್ಷ ತಮ್ಮ ಕಚೇರಿಯ ನೌಕರರಿಗೂ ಪಾಲು ಹಂಚೋರು ಅನ್ನೋದೂ ಇದೇ ಮನಸ್ಸಿನ ಮಾತು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರ್ತೀವಿ. ಮಾರ್ಗನ್ ಪ್ರಚಾರಕ್ಕೆ ದೂರ. ಸಂದರ್ಶನ ಕೊಡ್ತಿರಲಿಲ್ಲ, ಸ್ಪರ್ಧೆಗಳಿಗೆ ಹೋಗ್ತಿರಲಿಲ್ಲ, ತಮ್ಮ ಬಗ್ಗೆ ಬರೆದುಕೊಳ್ಳಲಿಲ್ಲ. ಕಟ್ಟಡವೇ ಮಾತಾಡಲಿ ಅನ್ನೋ ಸ್ವಭಾವ. 1957ರಲ್ಲಿ ತೀರಿಕೊಂಡರು. ಆಮೇಲೆ ವಾಸ್ತುಶಿಲ್ಪದ ಇತಿಹಾಸದ ಪುಸ್ತಕಗಳಲ್ಲಿ ಹುಡುಕಿದರೂ ಸಿಗದಷ್ಟು ಮರೆಯಾದರು. ಸಾರಾ ಬೂಟೆಲ್ ಅನ್ನೋ ಹೆಂಗಸು ವರ್ಷಗಟ್ಟಲೆ ಅಲೆದು, ನಕ್ಷೆ ಪತ್ರಗಳನ್ನು ಕೂಡಿಹಾಕಿ 1988ರಲ್ಲಿ ಪುಸ್ತಕ ಬರೆದ ಮೇಲೆ ಜನರ ಗಮನ ತಿರುಗಿತು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1907ರಿಂದ ಚಿನ್ನದ ಪದಕ ಕೊಡ್ತಿದೆ. ಅದು ಒಬ್ಬ ಹೆಣ್ಣಿಗೆ ಮೊದಲ ಸಲ ಸಿಕ್ಕಿದ್ದು 2014ರಲ್ಲಿ. ಪಡೆದವರು ಜೂಲಿಯಾ ಮಾರ್ಗನ್, ಸತ್ತು 57 ವರ್ಷ ಆದ ಮೇಲೆ.

"ನೋಡಿ, ಆಕೆ ಗಲಾಟೆ ಮಾಡಲಿಲ್ಲ, ಸುಮ್ನೆ ಕೆಲಸ ಮಾಡಿದ್ಲು, ಕೊನೆಗೆ ಗೌರವ ಬಂತಲ್ಲ" ಅಂತ ಈ ಕತೆಯ ನೀತಿ ತೆಗೆಯೋದು ಬಹಳ ಸುಲಭ. ಮಹಿಳಾ ದಿನಾಚರಣೆಯ ಭಾಷಣಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮಗೆ ಇದು ಒಪ್ಪಿಗೆ ಇಲ್ಲ. ಕೆಲಸವೇ ಮಾತಾಡುತ್ತೆ ಅನ್ನೋದು ನಿಜವಾಗಿದ್ದರೆ ಏಳುನೂರು ಕಟ್ಟಡಗಳು ಇಷ್ಟು ಹೊತ್ತಿಗೆ ಕೂಗಿ ಕೂಗಿ ಗಂಟಲು ಕಟ್ಟಿಸ್ಕೊಂಡಿರಬೇಕಿತ್ತು. ಕಾಂಕ್ರೀಟಿಗೆ ಬಾಯಿಲ್ಲ. ಯಾರಾದರೂ ಹೆಸರು ಬರೆದರೆ ಉಳಿಯುತ್ತೆ, ಇಲ್ಲದಿದ್ದರೆ ಹಣ ಹಾಕಿದವನ ಹೆಸರು ಉಳಿಯುತ್ತೆ. ಆ ಬೆಟ್ಟದ ಕೋಟೆಗೆ ಇರೋದು ಹರ್ಸ್ಟ್ ಹೆಸರೇ.

ಅಷ್ಟಕ್ಕೂ ಮಾತಾಡಿದ ಹೆಂಗಸರಿಗೆ ಏನಾಯ್ತು ಅಂತಲೂ ನೋಡಬೇಕು. ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಪ್ರಿಟ್ಜ್‌ಕರ್ ಪ್ರಶಸ್ತಿ. 1991ರಲ್ಲಿ ಅದು ರಾಬರ್ಟ್ ವೆಂಚೂರಿಗೆ ಬಂತು. ಅವರ ಜೊತೆ ದಶಕಗಳ ಕಾಲ ಸಮಸಮನಾಗಿ ದುಡಿದ ಹೆಂಡತಿ ಡೆನಿಸ್ ಸ್ಕಾಟ್ ಬ್ರೌನ್‌ಗೆ ಬರಲಿಲ್ಲ. ಆಕೆ ಸುಮ್ಮನಿದ್ದವರಲ್ಲ, ಇಂಥ ಅನ್ಯಾಯದ ಬಗ್ಗೆ ಬರೆದವರು. 2013ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿನಿಯರು, ಆಕೆಯ ಹೆಸರನ್ನೂ ಸೇರಿಸಿ ಅಂತ ಒಂದು ಮನವಿ ಶುರು ಮಾಡಿದರು. ಸಾವಿರಾರು ಸಹಿ ಬಿದ್ದವು, ವೆಂಚೂರಿ ಸ್ವತಃ ಸಹಿ ಹಾಕಿದರು. ಪ್ರಿಟ್ಜ್‌ಕರ್‌ನವರು ಒಪ್ಪಲಿಲ್ಲ. ಆದರೆ ಆ ಗಲಾಟೆ ವ್ಯರ್ಥ ಹೋಗಲಿಲ್ಲ. ಅಮೆರಿಕದ ಆ ಚಿನ್ನದ ಪದಕವನ್ನು ಇಬ್ಬರಿಗೆ ಒಟ್ಟಿಗೆ ಕೊಡಬಹುದು ಅಂತ ನಿಯಮವೇ ಬದಲಾಯ್ತು. 2016ರಲ್ಲಿ ವೆಂಚೂರಿ ಮತ್ತು ಸ್ಕಾಟ್ ಬ್ರೌನ್ ಇಬ್ಬರಿಗೂ ಸೇರಿ ಪದಕ ಬಂತು. ಶುರು ಮಾಡಿದ್ದು ಯಾರು? ದೊಡ್ಡವರಲ್ಲ, ಇಬ್ಬರು ವಿದ್ಯಾರ್ಥಿನಿಯರು.

ಇಲ್ಲಿ ನಮ್ಮ ಕಾಲೇಜಿಗೆ ಬರೋಣ. ಪ್ರಾಜೆಕ್ಟ್ ಗ್ರೂಪಿನಲ್ಲಿ ನಾಲ್ಕು ಜನ. ಲೆಕ್ಕ, ಡ್ರಾಯಿಂಗು, ರಿಪೋರ್ಟು ಎಲ್ಲ ಒಬ್ಬಳು ಕೂತು ಮಾಡಿರ್ತಾಳೆ. ವೈವಾ ದಿನ ಪ್ರೆಸೆಂಟೇಷನ್ ಮಾತ್ರ ಹುಡುಗ ಕೊಡ್ತಾನೆ, "ನಿನ್ ಇಂಗ್ಲಿಷ್ ಸ್ವಲ್ಪ ಮೆತ್ತಗಿದೆ, ನಾನೇ ಮಾತಾಡ್ತೀನಿ ಬಿಡೆ" ಅಂತ. ಪರೀಕ್ಷಕರಿಗೆ ನೆನಪಲ್ಲಿ ಉಳಿಯೋದು ಅವನ ಮುಖ. ಸರ್ವೇ ಕ್ಯಾಂಪಿನಲ್ಲಿ ಟೋಟಲ್ ಸ್ಟೇಷನ್ ಹಿಡಿಯೋದು ಹುಡುಗರು, ಫೀಲ್ಡ್ ಬುಕ್ ಬರೆಯೋದು ಹುಡುಗಿಯರು, "ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ" ಅನ್ನೋ ಕಾರಣಕ್ಕೆ. ಫೆಸ್ಟ್ ಬಂದ್ರೆ ಹುಡುಗರಿಗೆ ಸ್ಪಾನ್ಸರ್‌ಶಿಪ್, ಹುಡುಗಿಯರಿಗೆ ರಂಗೋಲಿ ಮತ್ತು ಸ್ಟೇಜ್ ಡೆಕೊರೇಷನ್. ಬಣ್ಣ ನಿಮ್ಮದು, ಸ್ಟ್ರಕ್ಚರ್ ನಮ್ಮದು ಅನ್ನೋ 1907ರ ಅದೇ ಲೆಕ್ಕ. ಈ ಕನ್ನಡ ಸಂಘವೂ ಇದಕ್ಕೆ ಹೊರತಲ್ಲ. ರಾಜ್ಯೋತ್ಸವದ ಹಿಂದಿನ ರಾತ್ರಿ ಹೂ ಕಟ್ಟಿದವರು ಯಾರು, ವೇದಿಕೆಯಲ್ಲಿ ಮೈಕು ಹಿಡಿದವರು ಯಾರು ಅಂತ ನಮ್ಮದೇ ಹಳೇ ಫೋಟೋ ನೋಡಿ ನಾಚಿಕೆ ಆಯ್ತು.

ಕೆಲವರು ಕೇಳಬಹುದು, "ಮಾರ್ಗನ್‌ಗೆ ಶ್ರೀಮಂತರ ಬೆಂಬಲ ಇತ್ತಲ್ಲ?" ಅಂತ. ಇತ್ತು, ಮುಚ್ಚಿಡೋದೇನಿಲ್ಲ. ಹರ್ಸ್ಟ್ ಅವರ ತಾಯಿ ಫೀಬಿ ಹರ್ಸ್ಟ್ ಆಕೆಗೆ ಕೆಲಸ ಕೊಡಿಸಿದರು, ಹೆಂಗಸರ ಸಂಘ ಸಂಸ್ಥೆಗಳು ಕೆಲಸ ಕೊಟ್ಟವು, ಮೇಬೆಕ್ ಥರದ ಮೇಷ್ಟ್ರು ದಾರಿ ತೋರಿಸಿದರು. ನಮ್ಮ ವಾದಕ್ಕೆ ಇದು ಅಡ್ಡಿಯಲ್ಲ, ಸಾಕ್ಷಿ. ಪ್ರತಿಭೆ ಆಕೆಯದ್ದು, ಅವಕಾಶ ಇನ್ನೊಬ್ಬರು ಕೊಟ್ಟಿದ್ದು. ಗೋಪುರ ಕಟ್ಟೋಕೆ ಹೇಳದೇ ಇದ್ದಿದ್ದರೆ ಅದು ಭೂಕಂಪದಲ್ಲಿ ನಿಲ್ಲುತ್ತೆ ಅಂತ ತೋರಿಸೋಕೆ ಆಕೆಗೆ ದಾರಿಯೇ ಇರ್ತಿರಲಿಲ್ಲ. ಅವಕಾಶ ಕೊಡೋ ಜಾಗದಲ್ಲಿ ಇವತ್ತು ಗ್ರೂಪ್ ಲೀಡರ್ ಇದ್ದಾನೆ, ಕ್ಲಬ್ ಸೆಕ್ರೆಟರಿ ಇದ್ದಾನೆ. ನಾಳೆ ನಮ್ಮಲ್ಲೇ ಯಾರೋ ಒಬ್ಬ ಸೈಟ್ ಇನ್‌ಚಾರ್ಜ್ ಆಗಿ ಗೇಟಿನ ಹತ್ತಿರ ಹೆಲ್ಮೆಟ್ ಹಂಚುತ್ತಾ ನಿಂತಿರ್ತಾನೆ. ಆಗ ಏನು ಹೇಳಬೇಕು ಅನ್ನೋದನ್ನು ಈಗಲೇ ಕಲಿಯಬೇಕು.

ಹುಡುಗಿಯರಿಗೂ ಒಂದು ಮಾತು, ಉಪದೇಶ ಅಂತ ತಿಳ್ಕೋಬೇಡಿ. ಮಾರ್ಗನ್‌ರಿಂದ ಗಣಿತ ಕಲಿಯೋಣ, ಮೂರನೇ ಸಲವೂ ಪರೀಕ್ಷೆಗೆ ಕೂರೋ ಹಟ ಕಲಿಯೋಣ, ಸ್ಕ್ಯಾಫೋಲ್ಡಿಂಗ್ ಹತ್ತೋ ಕಾಲು ಕಲಿಯೋಣ. ಮೌನ ಒಂದನ್ನು ಮಾತ್ರ ಅವರಲ್ಲೇ ಬಿಟ್ಟುಬಿಡೋಣ. ಆ ಕಾಲದಲ್ಲಿ ಬಾಯಿ ತೆರೆದಿದ್ದರೆ ಬಹುಶಃ ಆಕೆಗೆ ಮುಂದಿನ ಕೆಲಸವೇ ಸಿಗ್ತಿರಲಿಲ್ಲ, ಹಾಗಾಗಿ ಆಕೆಯನ್ನು ದೂರೋಕೆ ಆಗಲ್ಲ. ನಮ್ಮ ಕಾಲ ಅಷ್ಟು ಕಷ್ಟದ್ದಲ್ಲ. "ಇದು ನನ್ನ ಡಿಸೈನ್" ಅಂತ ಹೇಳೋದು ಜಂಬ ಅಲ್ಲ. ಡ್ರಾಯಿಂಗ್ ಶೀಟಿನ ಬಲಗಡೆ ಕೆಳಮೂಲೆಯಲ್ಲಿ ಟೈಟಲ್ ಬ್ಲಾಕ್ ಅಂತ ಒಂದು ಚೌಕ ಇರೋದೇ ಅದಕ್ಕೆ. ಯಾರು ಬರೆದದ್ದು, ಯಾರು ಪರೀಕ್ಷಿಸಿದ್ದು ಅಂತ ತುಂಬದಿದ್ದರೆ ಮೊದಲ ಸೆಮಿಸ್ಟರ್‌ನಲ್ಲೇ ಮಾರ್ಕ್ಸ್ ಕಟ್ ಮಾಡ್ತಿದ್ರು, ನೆನಪಿದೆಯಾ?

ನಮ್ಮ ಕಡೆಯಿಂದ ಎರಡು ಸಣ್ಣ ತೀರ್ಮಾನ ಮಾಡ್ಕೊಂಡಿದ್ದೀವಿ. ಈ ವರ್ಷದಿಂದ ಸಂಘದ ಪ್ರತಿ ಕಾರ್ಯಕ್ರಮದ ಕೊನೆಗೆ, ಯಾರು ಯಾವ ಕೆಲಸ ಮಾಡಿದರು ಅಂತ ಹೆಸರು ಸಮೇತ ನೋಟೀಸ್ ಬೋರ್ಡಿಗೆ ಹಾಕ್ತೀವಿ, ಹೂ ಕಟ್ಟಿದವರಿಂದ ಹಿಡಿದು. ಮೈಕು ಮತ್ತು ಹೂವು ಎರಡನ್ನೂ ಸರದಿ ಪ್ರಕಾರ ಹಂಚ್ತೀವಿ. ಫೈನಲ್ ಇಯರ್‌ನವರಿಗೆ ಒಂದು ವಿನಂತಿ: ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಾವ ಅಧ್ಯಾಯ ಯಾರು ಮಾಡಿದ್ದು ಅಂತ ಒಂದು ಪುಟ ಸೇರಿಸಿ, ವೈವಾದಲ್ಲಿ ಮಾಡಿದವರೇ ಮಾತಾಡಲಿ. ಇಂಗ್ಲಿಷ್ ಮೆತ್ತಗಿದ್ದರೆ ಕನ್ನಡ ಸೇರಿಸಿ ಹೇಳಲಿ, ಬೀಮಿಗೆ ಯಾವ ಭಾಷೆಯಾದರೂ ಲೋಡು ಒಂದೇ.

ಅಂದ ಹಾಗೆ, ಆವತ್ತು ಸೈಟಿನಲ್ಲಿ ಮೊದಲು ಮೆಟ್ಟಿಲು ಹತ್ತಿದ ನಮ್ಮ ಕ್ಲಾಸ್‌ಮೇಟು ಏಳನೇ ಮಹಡಿಯಲ್ಲಿ ಒಂದು ಕಡೆ ಕಂಬಿಗಳ ಕೆಳಗೆ ಕವರ್ ಬ್ಲಾಕ್ ಇಟ್ಟಿಲ್ಲ ಅಂತ ತೋರಿಸಿದಳು. ಆ ಎಂಜಿನಿಯರ್ ಬಗ್ಗಿ ನೋಡಿ, ಮೇಸ್ತ್ರಿಯನ್ನು ಕರೆದು ಸರಿ ಮಾಡಿಸಿದರು. ಬಸ್ಸಿನಲ್ಲಿ ನಾವು ನಗಾಡುವ ಹೊತ್ತಿಗೆ ಈ ವಿಷಯ ಯಾರೂ ಎತ್ತಲೇ ಇಲ್ಲ. ಅದಕ್ಕೇ ಇಲ್ಲಿ ಬರೆದಿಡ್ತಿದ್ದೀವಿ. ಹೆಸರು ಹಾಕ್ಲಾ ಅಂತ ಕೇಳಿದ್ದಕ್ಕೆ, "ಮುಂದಿನ ಸಂಚಿಕೆಗೆ ನಾನೇ ಬರೀತೀನಿ, ನನ್ ಹೆಸರು ನಾನೇ ಹಾಕ್ಕೋತೀನಿ" ಅಂದಿದ್ದಾಳೆ. ಕಾಯ್ತಿದ್ದೀವಿ.